ಬೂಷ್ಟಿನ ಕಲೆ

ಕನ್ನಡದಲ್ಲಿ ‘ಕಲೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದನ್ನು ಕುರಿತು ಇಂಥ ಪುಟಗಳಲ್ಲಿ ಬಲ್ಲವರು ವಾರವಾರವೂ ಬರೆಯುತ್ತಾರೆ. ಇನ್ನೊಂದು ಬಟ್ಟೆ ಒಗೆಯುವವರಿಗೂ ಪಾತ್ರೆ ತೊಳೆಯುವವರಿಗೂ ಸೇರಿದ್ದೆಂದು ವಿದ್ವಾಂಸರು ಅದರ ತಂಟೆಗೆ ಹೋಗುವುದಿಲ್ಲ. ನಾನು ಬರೆಯಹೊರಟಿರುವುದು ಈ ಎರಡನೆಯ ಕಲೆಯನ್ನು ಕುರಿತು. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನದ ಪಾಠ ಹೇಳಿದ ಒಬ್ಬ ಮನುಷ್ಯ, ದೋಣಿಯ ಆಸನಕ್ಕೆ ಹಿಡಿದ ಬೂಷ್ಟಿನ ಮುಂದೆ ಹೇಗೆ ಸೋತನೆಂಬುದೂ, ಸೋತ ಮೇಲೆ ಏನನ್ನು ಕಲಿತನೆಂಬುದೂ ಈ ಲೇಖನದ ವಸ್ತು. ಆ ಮನುಷ್ಯ ನಾನೇ ಎಂದು ಬೇರೆ ಹೇಳಬೇಕಾಗಿಲ್ಲ.

ನನ್ನ ಮನೆ ಹಲಸೂರಿನಲ್ಲಿ, ಸೋಮೇಶ್ವರ ದೇವಾಲಯಕ್ಕೆ ಸಮೀಪದ ಒಂದು ಓಣಿಯಲ್ಲಿದೆ. ಬೆಂಗಳೂರಿನ ದಂಡುಪ್ರದೇಶದಲ್ಲಿ ನೀರನ್ನೂ ದೋಣಿಯನ್ನೂ ಒಟ್ಟಿಗೆ ಕಂಡು ಬೆಳೆದವರು ಹಲಸೂರಿನವರು. ನಡುವೆ ಚಿಕ್ಕ ಚಿಕ್ಕ ನಡುಗಡ್ಡೆಗಳುಳ್ಳ ನಮ್ಮ ಕೆರೆ, ಅದರ ನೆರೆಯಲ್ಲೇ ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಸೈನ್ಯದ ಎಂಜಿನಿಯರುಗಳ ನೆಲೆ, ದಡದಲ್ಲಿ ಕಡಲೆಕಾಯಿ ಮಾರುವವರು – ಇವೆಲ್ಲ ನನ್ನ ಬಾಲ್ಯದ ನೆನಪುಗಳು. ಆದುದರಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೃಷ್ಣರಾಜಪುರದ ಆಚೆ ಒಂದು ಕೆರೆಯಲ್ಲಿ ದೋಣಿವಿಹಾರದ ಗುತ್ತಿಗೆ ಹಿಡಿದಿದ್ದೇನೆಂದು ಹೇಳಿದಾಗ ನನಗೆ ಸಂತೋಷವೇ ಆಯಿತು. ಕಾಲಿನಿಂದ ತುಳಿದು ನಡೆಸುವ ಆರು ಹಳೆಯ ದೋಣಿಗಳನ್ನು ಅವನು ಕೊಂಡಿದ್ದ. ಪ್ರತಿಯೊಂದಕ್ಕೂ ಕೂರುವ ದಿಂಬು ಒಂದು, ಒರಗುವ ದಿಂಬು ಒಂದು, ಒಟ್ಟು ಹನ್ನೆರಡು. ಎಲ್ಲಕ್ಕೂ ಬಿಳಿಯ ರೆಕ್ಸಿನ್ ಹೊದಿಕೆ.

ಕಳೆದ ವರ್ಷ ಮಳೆ ಹಿಡಿದೊಡನೆ ಅವನು ಆ ದಿಂಬುಗಳನ್ನೆಲ್ಲ ಬಿಚ್ಚಿ, ತಗಡಿನ ಕೊಟ್ಟಿಗೆಯಲ್ಲಿ ಒಂದರ ಮೇಲೊಂದು ಪೇರಿಸಿ, ಮೇಲೆ ಟಾರ್ಪಾಲು ಹೊದಿಸಿ ಬಿಗಿಯಾಗಿ ಕಟ್ಟಿಟ್ಟ. ಒಂದು ಹನಿ ನೀರೂ ತಾಗದಂತೆ ಕಾಪಾಡಿದೆನೆಂದು ಅವನ ನಂಬಿಕೆ. ಗೌರಿ ಗಣೇಶ ಹಬ್ಬಕ್ಕೆ ಹದಿನೈದು ದಿನ ಉಳಿದಿರುವಾಗ ಕಟ್ಟು ಬಿಚ್ಚಿ ನೋಡಿದರೆ, ಬಿಳಿಯ ದಿಂಬುಗಳ ಮೇಲೆಲ್ಲ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಹೊಲಿಗೆಯ ಗೆರೆಗಳ ಉದ್ದಕ್ಕೂ ಕಾಡಿಗೆ ತೀಡಿದಂಥ ಪಟ್ಟಿಗಳು. ಅಲ್ಲಲ್ಲಿ ಹಸುರು ಬೂದಿಯಂಥ ಪುಡಿ. ಮೂಗು ಮುಚ್ಚಿಕೊಳ್ಳುವಂಥ ಮುಗ್ಗಲು ವಾಸನೆ. ಅವನು ಒಂದು ದಿಂಬನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ನೇರವಾಗಿ ನನ್ನ ಮನೆಗೆ ಬಂದ.

“ಸಾರ್, ನೀವು ಸೈನ್ಸ್ ಮೇಷ್ಟ್ರು. ಇದಕ್ಕೊಂದು ದಾರಿ ಹೇಳಿ. ಹಬ್ಬದ ದಿನ ಜನ ಬರ್ತಾರೆ. ಈ ಸೀಟಿನ ಮೇಲೆ ಯಾರು ಕೂರ್ತಾರೆ?” ಎಂದ.

ಅವನು ಸಾಲ ಮಾಡಿ ಗುತ್ತಿಗೆ ಹಿಡಿದಿದ್ದನೆಂಬುದು ನನಗೆ ಗೊತ್ತಿತ್ತು. ಹಬ್ಬದ ರಜೆಗಳಲ್ಲಿ ಬರುವ ಹಣದಿಂದಲೇ ಅವನ ವರ್ಷದ ಕಂತು ತೀರಬೇಕು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಪ್ರಶ್ನೆ ಕೇಳಿದೊಡನೆ ಉತ್ತರ ಹೇಳುವುದು ಮೇಷ್ಟ್ರುಗಳಿಗೆ ಅಂಟಿದ ಒಂದು ಚಟ. “ಬ್ಲೀಚಿಂಗ್ ಪೌಡರ್ ಕಲಸಿ ಹಚ್ಚು. ಗಟ್ಟಿಯಾಗಿಯೇ ಕಲಸು. ಅರ್ಧ ಗಂಟೆ ಬಿಟ್ಟು ತಿಕ್ಕಿ ತೊಳೆ,” ಎಂದೆ. ನಮ್ಮ ಹಿತ್ತಲಿನಲ್ಲಿಯೇ ಪ್ರಯೋಗ ನಡೆಯಿತು. ಕಣ್ಣೆದುರಿಗೇ ಕಪ್ಪು ಕಂದಾಯಿತು, ಕಂದು ಹಳದಿಯಾಯಿತು, ಹಳದಿ ಮಾಯವಾಯಿತು. ದಿಂಬು ಹಾಲಿನಂತೆ ಬೆಳ್ಳಗಾಗಿ ಕೂತಿತು. ಶಿಷ್ಯನ ಮುಖ ಅರಳಿತು. ನಾನೂ ತಕ್ಕಮಟ್ಟಿಗೆ ಬೀಗಿದೆನೆಂದು ಒಪ್ಪಿಕೊಳ್ಳಬೇಕು.

ಹಬ್ಬದೊಳಗೆ ಅವನು ಇನ್ನೂ ಏಳು ದಿಂಬುಗಳನ್ನು ಹಾಗೆಯೇ ತೊಳೆದ. ನಾಲ್ಕು ದೋಣಿಗಳು ನೀರಿಗಿಳಿದವು. ಉಳಿದ ನಾಲ್ಕು ದಿಂಬುಗಳನ್ನು ಬಿಡುವಾದಾಗ ತೊಳೆದರಾಯಿತೆಂದು ಬದಿಗಿಟ್ಟ. ಹಬ್ಬ ಸುಸೂತ್ರವಾಗಿ ಕಳೆಯಿತು. ಪಿತೃಪಕ್ಷದಲ್ಲಿ ಅವನು ಮತ್ತೆ ನಮ್ಮ ಬಾಗಿಲಿಗೆ ಬಂದಾಗ ಕೈಯಲ್ಲಿ ದಿಂಬು ಇರಲಿಲ್ಲ. ಮುಖದಲ್ಲಿ ನಗೆಯೂ ಇರಲಿಲ್ಲ. ಎಂಟರಲ್ಲಿ ಐದು ದಿಂಬುಗಳ ಹೊಲಿಗೆ ಬಿಟ್ಟುಹೋಗಿತ್ತು. ಕುಳಿತವರ ಭಾರಕ್ಕೆ ಅಂಚು ಹರಿದು ಒಳಗಿನ ಸ್ಪಂಜು ಹೊರಬಿದ್ದಿತ್ತು. ಅದಕ್ಕಿಂತ ಸೋಜಿಗದ ಸಂಗತಿಯೆಂದರೆ, ಹಾಲಿನಂತೆ ಬೆಳ್ಳಗಾಗಿದ್ದ ರೆಕ್ಸಿನ್ನಿನ ಮೇಲೆ ಕಪ್ಪು ಚುಕ್ಕೆಗಳು ಮತ್ತೆ ಕಾಣಿಸಿಕೊಂಡಿದ್ದವು.

“ನಾಲ್ಕನೇ ಸೀಟು ತೊಳೀವಾಗಲೇ ದಾರ ನಾರು ನಾರಾಗಿ ಕೈಗೆ ಬಂತು ಸಾರ್. ಯಾಕೋ ಸರಿ ಇಲ್ಲ ಅನ್ನಿಸ್ತು. ಆದ್ರೆ ನೀವು ಹೇಳಿದ್ದೀರಲ್ಲ, ತಪ್ಪಾಗೋಕಿಲ್ಲ ಅಂದ್ಕೊಂಡು ಮಿಕ್ಕಿದ್ದೂ ತೊಳ್ದೆ,” ಎಂದ.

ಅವನ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅವನ ಕಣ್ಣು ಕಂಡದ್ದನ್ನು ನನ್ನ ಮಾತು ಅಲ್ಲಗಳೆದುಬಿಟ್ಟಿತ್ತು. ತರಗತಿಯಲ್ಲಿ ಮೂವತ್ತೆರಡು ವರ್ಷ ‘ಕಂಡದ್ದನ್ನು ನಂಬಿ, ಹೇಳಿದ್ದನ್ನು ಪರೀಕ್ಷಿಸಿ’ ಎಂದು ಬೋಧಿಸಿದವನಿಗೆ ಇದಕ್ಕಿಂತ ದೊಡ್ಡ ಸೋಲು ಬೇರೆ ಯಾವುದಿದ್ದೀತು?

ಮಾರನೆಯ ದಿನ ಹರಿದ ದಿಂಬುಗಳನ್ನು ಹೇರಿಕೊಂಡು ನಾವಿಬ್ಬರೂ ಶಿವಾಜಿನಗರಕ್ಕೆ ಹೋದೆವು. ರಸೆಲ್ ಮಾರುಕಟ್ಟೆಯ ಗದ್ದಲವನ್ನು ದಾಟಿ, ಹಳೆಯ ವಾಹನಗಳ ಬಿಡಿಭಾಗ ಮಾರುವ ಗುಜರಿ ಅಂಗಡಿಗಳ ಸಾಲಿನ ಆಚೆ, ಆಟೋಗಳಿಗೂ ಸ್ಕೂಟರುಗಳಿಗೂ ಸೀಟು ಹೊಲಿಯುವ ಒಬ್ಬ ವೃದ್ಧರ ಪರಿಚಯ ನನಗೆ ಹಿಂದಿನಿಂದಲೂ ಇತ್ತು. ಅವರು ದಿಂಬನ್ನು ಕೈಗೆ ತೆಗೆದುಕೊಂಡು ಮೊದಲು ಮೂಸಿದರು. ಆಮೇಲೆ ಮಗುಚಿ ಹಾಕಿ ಅಡಿಯ ಹಲಗೆಯನ್ನು ಬೆರಳಿನಿಂದ ಒತ್ತಿದರು. ಹಲಗೆ ಮೆತ್ತಗೆ ಒಳಕ್ಕೆ ಹೋಯಿತು.

“ಯಾವುದು ಹಾಕಿ ತೊಳೆದಿರಿ ಮಾಸ್ಟ್ರೇ?”

ಹೇಳಿದೆ.

“ಮುಖಕ್ಕೆ ಪೌಡರ್ ಹಾಕಿದ್ರಿ. ಕಾಯಿಲೆ ಹೊಟ್ಟೇಲಿ ಐತೆ,” ಎಂದು ಹೇಳಿ, ಇಕ್ಕಳದಿಂದ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ರೆಕ್ಸಿನ್ನನ್ನು ಸುಲಿದು ತೋರಿಸಿದರು. ಒಳಗಿನ ಸ್ಪಂಜು ಹಿಂಡಿದರೆ ನೀರು ಬರುವಷ್ಟು ತೇವವಾಗಿತ್ತು. ರೆಕ್ಸಿನ್ನಿನ ಬೆನ್ನಿಗೆ ಅಂಟಿದ್ದ ಹತ್ತಿಯ ಬಟ್ಟೆ ಮಸಿ ಬಟ್ಟೆಯಾಗಿತ್ತು. ಪ್ಲೈವುಡ್ಡಿನ ಪದರಗಳು ಬಿಟ್ಟುಕೊಂಡಿದ್ದವು. ನಾವು ಹೊರಗಡೆ ಅಳಿಸಿದ್ದುದು ಬೂಷ್ಟಿನ ಬಣ್ಣವನ್ನು ಮಾತ್ರ. ಬೂಷ್ಟು ಒಳಗೆ ಸುಖವಾಗಿ ಸಂಸಾರ ನಡೆಸುತ್ತಿತ್ತು.

ಆ ದಿನ ಮನೆಗೆ ಬಂದು ನಾನು ಮಾಡಿದ ಕೆಲಸವೆಂದರೆ, ಮೊದಲೇ ಮಾಡಬೇಕಾಗಿದ್ದುದು: ಓದಿದೆ. ಓದಿ ತಿಳಿದುದನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸುತ್ತೇನೆ.

ನಾವು ರೆಕ್ಸಿನ್ ಎನ್ನುವುದು ಮೂಲತಃ ಒಂದು ಅಂಕಿತನಾಮ. ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಸಮೀಪದ ಹೈಡ್ ಎಂಬ ಊರಿನ ಕಂಪೆನಿಯೊಂದು ಬಟ್ಟೆಯ ಮೇಲೆ ನೈಟ್ರೋಸೆಲ್ಯುಲೋಸಿನ ಲೇಪ ಕೊಟ್ಟು, ಚರ್ಮದಂತೆ ಕಾಣುವ ಹಾಗೆ ಅಚ್ಚೊತ್ತಿ ಮಾರಿತು. ಲೇಪ ಬದಲಾಯಿತು, ಹೆಸರು ನಮ್ಮಲ್ಲಿ ಉಳಿಯಿತು. ಇಂದಿನ ರೆಕ್ಸಿನ್ ಬಹುಮಟ್ಟಿಗೆ ವಿನೈಲ್, ಎಂದರೆ ಪಿ.ವಿ.ಸಿ. ಈ ವಸ್ತು ತನ್ನಷ್ಟಕ್ಕೆ ಗಡುಸಾದುದು. ನೀರಿನ ಕೊಳವೆಗಳನ್ನು ನೋಡಿದವರಿಗೆ ಇದು ಗೊತ್ತು. 1926ರಲ್ಲಿ ಅಮೆರಿಕದ ವಾಲ್ಡೊ ಸೆಮನ್ ಎಂಬ ರಸಾಯನವಿಜ್ಞಾನಿ ಇದಕ್ಕೆ ಎಣ್ಣೆಯಂಥ ಕೆಲವು ದ್ರವಗಳನ್ನು ಬೆರೆಸಿ ರಬ್ಬರಿನಂತೆ ಬಳುಕುವಂತೆ ಮಾಡಿದ. ಈ ದ್ರವಗಳನ್ನು ಮೃದುಕಾರಿಗಳೆನ್ನೋಣ. ಮೆತ್ತನೆಯ ವಿನೈಲಿನಲ್ಲಿ ಇವು ತೂಕದ ಮೂರನೆಯ ಒಂದು ಪಾಲಿನಷ್ಟು ಇರುವುದುಂಟು.

ಬೂಷ್ಟಿಗೂ ವಿನೈಲಿಗೂ ಇರುವ ನಂಟಿನ ಗುಟ್ಟು ಇಲ್ಲಿದೆ. ಪಿ.ವಿ.ಸಿ.ಯನ್ನು ತಿಂದು ಅರಗಿಸಿಕೊಳ್ಳುವುದು ಬೂಷ್ಟಿಗೆ ಕಷ್ಟ. ಆದರೆ ಅದರೊಳಗಿನ ಕೆಲವು ಬಗೆಯ ಮೃದುಕಾರಿಗಳು ಅದಕ್ಕೆ ಆಹಾರ. ಮ್ಯಾಂಚೆಸ್ಟರಿನ ವಿಜ್ಞಾನಿಗಳು ಮೆತ್ತನೆಯ ಪಿ.ವಿ.ಸಿ.ಯ ತುಂಡುಗಳನ್ನು ಬಯಲಿನ ಗಾಳಿಮಳೆಗೆ ಒಡ್ಡಿ ಪರೀಕ್ಷಿಸಿದರು. ಅವರ ವರದಿ 2000ದಲ್ಲಿ ಪ್ರಕಟವಾಯಿತು. ಆ ತುಂಡುಗಳ ಮೇಲೆ ಮೊದಲು ಬೀಡುಬಿಟ್ಟ ಶಿಲೀಂಧ್ರಗಳಲ್ಲಿ ಮುಖ್ಯವಾದುದು ಆರಿಯೊಬೆಸಿಡಿಯಮ್ ಪುಲ್ಯುಲಾನ್ಸ್ ಎಂಬ ಕಪ್ಪು ಬೂಷ್ಟು. ಅದು ಮೃದುಕಾರಿಯನ್ನೇ ತಿಂದು ಬದುಕಬಲ್ಲುದೆಂದು ಕಂಡುಬಂದಿತು. ರೆಕ್ಸಿನ್ನಿನ ತವರಿನಲ್ಲಿಯೇ ಅದರ ಶತ್ರುವಿನ ವಿಚಾರಣೆ ನಡೆದದ್ದು ಒಂದು ವಿನೋದ. ದೋಣಿಯ ಆಸನದ ಮೇಲಂತೂ ಇದರ ಜೊತೆಗೆ ಕುಳಿತವರ ಬೆವರು, ತಲೆಯ ಎಣ್ಣೆ, ಮಕ್ಕಳು ಚೆಲ್ಲಿದ ಪಾನಕ, ಗಾಳಿಯ ಧೂಳು ಇವೆಲ್ಲ ಸೇರುತ್ತವೆ. ಬೂಷ್ಟಿಗೆ ಇದು ಮೃಷ್ಟಾನ್ನ.

ಬಿತ್ತನೆ ಮಾಡುವವರು ಯಾರು ಎಂದು ಕೇಳಬಹುದು. ಯಾರೂ ಬೇಕಾಗಿಲ್ಲ. ಬೂಷ್ಟಿನ ಬೀಜಕಣಗಳು ನಾವು ಉಸಿರಾಡುವ ಗಾಳಿಯಲ್ಲಿ ಸದಾ ತೇಲುತ್ತಿರುತ್ತವೆ. ಅವುಗಳಲ್ಲಿ ಎಷ್ಟೋ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿಗಿಂತಲೂ ಚಿಕ್ಕವು. ಅವಕ್ಕೆ ಬೇಕಾದುದು ಆಹಾರ, ಹಿತವಾದ ಶಾಖ ಮತ್ತು ತೇವ. ಮೊದಲ ಎರಡನ್ನು ನಾವು ತಪ್ಪಿಸಲಾರೆವು. ನಮ್ಮ ಕೈಯಲ್ಲಿರುವುದು ಮೂರನೆಯದು ಮಾತ್ರ. ಬೆಂಗಳೂರಿನಲ್ಲಿ ವರ್ಷದ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಅಂಥ ದಿನಗಳಲ್ಲಿ ಟಾರ್ಪಾಲು ಹೊದಿಸಿ ಬಿಗಿದು ಕಟ್ಟಿದರೆ ಹೊರಗಿನ ಮಳೆ ಒಳಕ್ಕೆ ಬರುವುದಿಲ್ಲ, ನಿಜ. ಒಳಗಿನ ತೇವ ಹೊರಕ್ಕೆ ಹೋಗುವುದೂ ಇಲ್ಲ. ನನ್ನ ಶಿಷ್ಯ ಕಾವಲು ಎಂದು ಭಾವಿಸಿದ್ದು ಬೂಷ್ಟಿಗೆ ಬಾಣಂತಿಕೋಣೆಯಾಗಿತ್ತು.

ಇನ್ನು ನೀರು ಒಳಕ್ಕೆ ಹೋದುದಾದರೂ ಎಲ್ಲಿಂದ? ರೆಕ್ಸಿನ್ನಿನ ಮೂಲಕ ನೀರು ಇಳಿಯುವುದಿಲ್ಲ. ಆದರೆ ಹೊಲಿಗೆಯ ಪ್ರತಿಯೊಂದು ಸೂಜಿತೂತೂ ಒಂದು ಬಾಗಿಲು. ಕುಳಿತವರು ಎದ್ದಾಗ ಸ್ಪಂಜು ಉಬ್ಬಿ ಆ ತೂತುಗಳಿಂದ ನೀರನ್ನು ಹೀರುತ್ತದೆ. ಒಳಗೆ ಹೋದ ನೀರು ಹೊರಬರಲು ದಾರಿಯಿಲ್ಲ. ಹೊಲಿಗೆಯ ಗೆರೆಗುಂಟ ಕಪ್ಪು ದಟ್ಟವಾಗಿದ್ದುದರ ಅರ್ಥ ನನಗೆ ಆಗ ಹೊಳೆಯಿತು. ಮೊದಲ ದಿನವೇ ಅದನ್ನು ಓದಿಕೊಂಡಿದ್ದರೆ ರೋಗದ ಮೂಲ ತಿಳಿಯುತ್ತಿತ್ತು.

ಹೊಲಿಗೆ ಕಳಚಿದ್ದಕ್ಕೆ ಕಾರಣ ನನ್ನ ಬ್ಲೀಚಿಂಗ್ ಪೌಡರು. ಗ್ಲ್ಯಾಸ್ಗೋದ ಚಾರ್ಲ್ಸ್ ಟೆನಂಟ್ 1799ರಲ್ಲಿ ಇದರ ಹಕ್ಕುಪತ್ರ ಪಡೆದ. ಬಟ್ಟೆಯನ್ನು ತಿಂಗಳುಗಟ್ಟಲೆ ಹುಲ್ಲುಗಾವಲಿನಲ್ಲಿ ಹರಡಿ ಬಿಳುಪು ಮಾಡುತ್ತಿದ್ದ ಕಾಲದಲ್ಲಿ ಅದು ದೊಡ್ಡ ವರವೇ ಆಗಿತ್ತು. ಆದರೆ ಬಣ್ಣವನ್ನು ಸುಡುವ ಶಕ್ತಿ ನಾರನ್ನೂ ಸುಡುತ್ತದೆ. ಗಟ್ಟಿಯಾದ ದ್ರಾವಣ ಸೂಜಿತೂತುಗಳಲ್ಲಿ ನಿಂತು, ಸರಿಯಾಗಿ ತೊಳೆಯದೆ ಒಣಗಿ, ಹತ್ತಿಯ ದಾರವನ್ನು ದಿನದಿನವೂ ಜೀರ್ಣಗೊಳಿಸಿತು. ದಾರದ ನಾರು ಮೊದಲೇ ಬೂಷ್ಟಿನ ಬಾಯಿಗೆ ಬಿದ್ದಿತ್ತು. ನಾನು ಉಳಿದುದನ್ನು ಮುಗಿಸಿದೆ. ರೆಕ್ಸಿನ್ನಿಗೂ ಇದರಿಂದ ಒಳಿತಿಲ್ಲ: ಪದೇ ಪದೇ ಹಚ್ಚಿದರೆ ಮೇಲ್ಮೈ ಬಿರುಸಾಗಿ ಬಿರುಕುಬಿಡುತ್ತದೆ.

ಹತ್ತಿಯ ನಾರನ್ನು ತಿನ್ನುವ ಬೂಷ್ಟಿನ ವಿಷಯದಲ್ಲಿ ಒಂದು ಸ್ವಾರಸ್ಯವಾದ ಚರಿತ್ರೆಯಿದೆ. ದಂಡಿನ ಪಕ್ಕದಲ್ಲಿ ವಾಸಿಸುವ ನಮಗೆ ಅದು ರುಚಿಸೀತು. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಿಗೆ ಹೋದ ಅಮೆರಿಕದ ಸೈನ್ಯಕ್ಕೆ, ಶತ್ರುವಿನ ಗುಂಡಿನ ಜೊತೆಗೆ ಬೂಷ್ಟಿನ ಕಾಟವೂ ಗಂಟುಬಿದ್ದಿತು. ಡೇರೆಗಳು, ಬಟ್ಟೆಗಳು ನೋಡನೋಡುತ್ತ ಲಡ್ಡಾದವು. ಸಾಲೊಮನ್ ದ್ವೀಪಗಳಲ್ಲಿ ಹೀಗೆ ಕೊಳೆತ ಹತ್ತಿಯ ಕ್ಯಾನ್‌ವಾಸಿನಿಂದ ಒಂದು ಶಿಲೀಂಧ್ರವನ್ನು ಬೇರ್ಪಡಿಸಿ ಇಟ್ಟುಕೊಂಡರು. ಅದನ್ನು ಅಭ್ಯಾಸ ಮಾಡಿದ ಎಲ್ವಿನ್ ರೀಸ್ ಎಂಬ ವಿಜ್ಞಾನಿಯ ನೆನಪಿಗಾಗಿ ಅದಕ್ಕೆ ಮುಂದೆ ಟ್ರೈಕೊಡರ್ಮ ರೀಸೆಯಿ ಎಂದು ಹೆಸರಾಯಿತು. ಡೇರೆಯನ್ನು ತಿಂದ ಆ ಬೂಷ್ಟೇ ಇಂದು ಕಾರ್ಖಾನೆಗಳಲ್ಲಿ ಹತ್ತಿಯ ನಾರನ್ನು ಕರಗಿಸುವ ಕಿಣ್ವಗಳನ್ನು ತಯಾರಿಸಿಕೊಡುತ್ತಿದೆ; ಜೀನ್ಸ್ ಬಟ್ಟೆಯನ್ನು ಹಳತಿನಂತೆ ಕಾಣಿಸಲು ಅಂಥ ಕಿಣ್ವಗಳನ್ನು ಬಳಸುತ್ತಾರೆ. ಶತ್ರುವನ್ನು ಅರಿತರೆ ಆಳಾಗಿ ದುಡಿಸಿಕೊಳ್ಳಬಹುದು; ಅರಿಯದೆ ಹೊಡೆದರೆ ನಮ್ಮ ಹೊಲಿಗೆಯೇ ಬಿಚ್ಚುತ್ತದೆ.

ಶಿವಾಜಿನಗರದ ವೃದ್ಧರು ಎಂಟೂ ದಿಂಬುಗಳನ್ನು ಬಿಚ್ಚಿದಾಗ, ಎರಡರಲ್ಲಿ ಕಪ್ಪಿನ ಜೊತೆಗೆ ತಾವರೆಯ ಬಣ್ಣದ ಮಚ್ಚೆಗಳು ಕಾಣಿಸಿದ್ದವು. ಅವು ಮೇಲಿನಿಂದ ಎಷ್ಟು ತಿಕ್ಕಿದರೂ ಜಗ್ಗಿರಲಿಲ್ಲ. ಇದರ ಕಥೆಯೇ ಬೇರೆ. ಮಣ್ಣಿನಲ್ಲಿ ಎಳೆ ಎಳೆಯಾಗಿ ಬೆಳೆಯುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಗಳ ಬಳಗವೊಂದಿದೆ. ಮೊದಲ ಮಳೆಗೆ ನೆಲದಿಂದ ಏಳುವ ಕಂಪು ಈ ಬಳಗದ ಕೊಡುಗೆ. ಕ್ಷಯರೋಗಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಅನ್ನು 1943ರಲ್ಲಿ ಪಡೆದದ್ದೂ ಇದರಿಂದಲೇ. ಇದರ ಹತ್ತಿರದ ನಂಟರಾದ ಕೆಲವು ಜೀವಿಗಳು ತೇವದ ಸ್ಪಂಜಿನಲ್ಲಿಯೋ ರೆಕ್ಸಿನ್ನಿನ ಹಿಂಬದಿಯ ಬಟ್ಟೆಯಲ್ಲಿಯೋ ಬೆಳೆದು ಒಂದು ಬಗೆಯ ಗುಲಾಬಿ ಬಣ್ಣವನ್ನು ಸ್ರವಿಸುತ್ತವೆ. ಆ ಬಣ್ಣ ಮೃದುಕಾರಿಯಲ್ಲಿ ಕರಗಿ, ವಿನೈಲಿನ ಮೈಯೊಳಗೇ ಹರಿದು, ಹೊರಮೈಗೆ ಬರುತ್ತದೆ. ನಾವು ನೋಡುವುದು ಮೇಲೆ ಕೂತ ಕೊಳೆಯನ್ನಲ್ಲ, ಒಳಗಿನಿಂದ ಬಂದ ಬಣ್ಣವನ್ನು. ಇದನ್ನು ತೊಳೆದು ತೆಗೆಯುತ್ತೇನೆಂದು ಹೊರಡುವುದು ವ್ಯರ್ಥ. ಒಂದೋ ಹೊದಿಕೆಯನ್ನು ಬದಲಾಯಿಸಬೇಕು, ಇಲ್ಲವೇ ಮಚ್ಚೆಯೊಡನೆ ರಾಜಿಯಾಗಬೇಕು.

ಇಷ್ಟು ತಿಳಿದ ಮೇಲೆ, ತೊಳೆಯದೆ ಉಳಿದಿದ್ದ ನಾಲ್ಕು ದಿಂಬುಗಳನ್ನು ನಮ್ಮ ಹಿತ್ತಲಿಗೆ ತರಿಸಿದೆ. ಈ ಸಲ ಶಿಷ್ಯನಿಗೆ ಒಂದೇ ಷರತ್ತು ಹಾಕಿದೆ: “ನಾನು ಹೇಳಿದ್ದು ಕಣ್ಣಿಗೆ ಸರಿಕಾಣದಿದ್ದರೆ ಕೈ ನಿಲ್ಲಿಸಿ ಕೇಳಬೇಕು.” ನನ್ನ ಹೆಂಡತಿ ಹಿತ್ತಲ ಬಾಗಿಲಲ್ಲಿ ನಿಂತು, “ಅಲ್ಲಾ ಅಂದ್ರೆ, ಉಪ್ಪಿನಕಾಯಿ ಜಾಡಿಗೆ ಬೂಷ್ಟು ಬಂದರೆ ಮೇಲಿನದನ್ನ ಒರೆಸಿ ಸುಮ್ಮನಾಗ್ತೀವಾ? ಒದ್ದೆ ಸೌಟು ಯಾರು ಹಾಕಿದ್ರು ಅಂತ ಮೊದಲು ಕೇಳೋದಿಲ್ವಾ?” ಎಂದಳು. ನಾನು ಎರಡು ದಿನ ಓದಿ ತಿಳಿದ ಶಾಸ್ತ್ರದ ಸಾರವೆಲ್ಲ ಆ ಎರಡು ವಾಕ್ಯಗಳಲ್ಲಿತ್ತು.

ನಾವು ಅನುಸರಿಸಿದ ಕ್ರಮ ಇದು. ಮೊದಲು ದಿಂಬಿನ ಅಡಿಯ ಪಿನ್ನುಗಳನ್ನು ಕಿತ್ತು ಒಳಗನ್ನು ನೋಡಿದೆವು. ಎರಡರಲ್ಲಿ ಸ್ಪಂಜು ತೇವವಾಗಿತ್ತು. ಅದನ್ನು ಹೊರತೆಗೆದು ಎಸೆದೆವು. ಮಿಕ್ಕೆರಡರ ಒಳಗು ಒಣಗಿತ್ತು. ಬಳಿಕ ಮೂಗುಬಾಯಿಗಳಿಗೆ ಮುಖಕವಚ ಕಟ್ಟಿಕೊಂಡು, ಬಯಲಿನಲ್ಲಿ, ಒದ್ದೆ ಬಟ್ಟೆಯಿಂದ ಬೂಷ್ಟನ್ನು ಒರೆಸಿದೆವು. ಒಣಗಿದ್ದ ಹಾಗೆಯೇ ಗುಡಿಸಿದರೆ ಬೀಜಕಣಗಳು ಗಾಳಿಗೆ ಹಾರಿ ಶ್ವಾಸಕೋಶಕ್ಕೂ ಹೋಗುತ್ತವೆ, ಪಕ್ಕದ ದಿಂಬಿಗೂ ಹೋಗುತ್ತವೆ. ಆಮೇಲೆ ಒಂದು ಬಕೆಟ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪುದ್ರವವನ್ನು ಒಂದೆರಡು ಚಮಚ ಬೆರೆಸಿ, ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ, ಶುದ್ಧ ನೀರಿನ ಬಟ್ಟೆಯಿಂದ ಒರೆಸಿದೆವು. ಅರ್ಧಕ್ಕೂ ಮಿಕ್ಕಿ ಕಪ್ಪು ಇಷ್ಟರಿಂದಲೇ ಹೋಯಿತು. ನಾನು ಮೊದಲ ದಿನ ಹಾರಿಬಿಟ್ಟ ಮೆಟ್ಟಿಲು ಇದೇ.

ಉಳಿದ ಚುಕ್ಕೆಗಳಿಗೆ ಅಡಿಗೆ ಸೋಡವನ್ನು ನೀರಿನಲ್ಲಿ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಬೆರಳಿಗೆ ಬಟ್ಟೆ ಸುತ್ತಿ ಉಜ್ಜಿದೆವು. ವಿನಿಗರಿಗೆ ಸಮಪಾಲು ನೀರು ಬೆರೆಸಿ ಹಚ್ಚುವುದೂ ಉಂಟು. ಆದರೆ ಸೋಡವನ್ನೂ ವಿನಿಗರನ್ನೂ ಕೂಡಿಸಿ ಹಾಕಿದರೆ ಎರಡೂ ಒಂದನ್ನೊಂದು ಕೊಂದು, ನೊರೆ ಬರುವುದೇ ಹೊರತು ಫಲವಿಲ್ಲ. ಇನ್ನೂ ಜಗ್ಗದ ಚುಕ್ಕೆಗಳಿಗೆ ಇಂದಿರಾನಗರದ ಔಷಧದ ಅಂಗಡಿಯಿಂದ ನೂರಕ್ಕೆ ಮೂರರ ಹೈಡ್ರೊಜನ್ ಪೆರಾಕ್ಸೈಡ್ ತಂದು, ಬಟ್ಟೆಗೆ ಸೋಕಿಸಿ ಹತ್ತು ನಿಮಿಷ ಹೊದಿಸಿಟ್ಟೆವು. ಅದೇ ಬೀದಿಯ ಇನ್ನೊಂದು ಅಂಗಡಿಯಲ್ಲಿ ಬೂಷ್ಟು ತೆಗೆಯುವ ಸಿಂಪಡಿಕೆಯ ಸೀಸೆಯೊಂದನ್ನು ಕಂಡೆ. ಕನ್ನಡಕ ಹಾಕಿಕೊಂಡು ಅದರ ಬೆನ್ನಿನ ಸಣ್ಣಕ್ಷರಗಳನ್ನು ಓದಿದರೆ ಸೋಡಿಯಮ್ ಹೈಪೊಕ್ಲೋರೈಟ್ ಎಂದಿತ್ತು – ನನ್ನ ಬ್ಲೀಚಿಂಗ್ ಪೌಡರಿನ ತಮ್ಮ, ಅಂದದ ಅಂಗಿ ತೊಟ್ಟು ಕುಳಿತಿದ್ದ.

ಬ್ಲೀಚನ್ನು ಬಳಸಲೇಬಾರದೆಂದು ನಾನು ಹೇಳುವುದಿಲ್ಲ. ಅದು ಕಡೆಯ ಅಸ್ತ್ರ. ಬಾಟಲಿಯ ದ್ರವದ ಒಂದು ಪಾಲಿಗೆ ಹತ್ತು ಪಾಲಿಗೆ ಕಡಮೆಯಿಲ್ಲದಂತೆ ನೀರು ಬೆರೆಸಿ, ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಹೊಲಿಗೆಗೆ ತಾಗದಂತೆ ಕಲೆಗೆ ಮಾತ್ರ ಹಚ್ಚಿ, ಕೆಲವು ನಿಮಿಷಗಳಲ್ಲೇ ಎರಡು ಸಲ ಶುದ್ಧ ನೀರಿನಿಂದ ತೊಳೆಯಬೇಕು. ಇದನ್ನು ವಿನಿಗರಿನೊಡನೆಯಾಗಲಿ, ಶೌಚಾಲಯ ತೊಳೆಯುವ ಆಮ್ಲದೊಡನೆಯಾಗಲಿ, ಅಮೋನಿಯ ಇರುವ ದ್ರವದೊಡನೆಯಾಗಲಿ ಎಂದೂ ಸೇರಿಸಕೂಡದು. ಆಮ್ಲ ತಾಗಿದರೆ ಹೊರಡುವುದು ಕ್ಲೋರಿನ್ ಅನಿಲ. 1915ರ ಏಪ್ರಿಲಿನಲ್ಲಿ ಈಪ್ರ್ ರಣರಂಗದಲ್ಲಿ ಸೈನಿಕರ ಉಸಿರು ಕಟ್ಟಿಸಿದ್ದು ಅದೇ ಅನಿಲ. ಅಮೋನಿಯ ಸೇರಿದರೂ ವಿಷವಾಯುವೇ. ಮುಚ್ಚಿದ ಬಚ್ಚಲಲ್ಲಿ ಈ ಪ್ರಯೋಗ ಪ್ರಾಣಕ್ಕೇ ಸಂಚಕಾರ. ಥಿನ್ನರ್, ಪೆಟ್ರೋಲು, ಉಗುರುಬಣ್ಣ ಅಳಿಸುವ ಅಸಿಟೋನು, ಪಾತ್ರೆ ಉಜ್ಜುವ ತಂತಿಬ್ರಷ್ಷು – ಇವು ಕಲೆಯ ಜೊತೆಗೆ ರೆಕ್ಸಿನ್ನನ್ನೂ ತೆಗೆಯುತ್ತವೆ.

ತೊಳೆದ ಮೇಲಿನ ಕೆಲಸವೇ ಮುಖ್ಯವಾದುದು: ಒಣಗಿಸುವುದು. ದಿಂಬುಗಳನ್ನು ಮಲಗಿಸದೆ, ಅಂಚಿನ ಮೇಲೆ ನಿಲ್ಲಿಸಿ, ಗಾಳಿಯಾಡುವ ನೆರಳಿನಲ್ಲಿ ಎರಡು ದಿನ ಬಿಟ್ಟೆವು. ಕೊನೆಗೆ ಎಳೆಬಿಸಿಲು ಕಾಣಿಸಿದೆವು. ದಿನಗಟ್ಟಲೆ ಕಡುಬಿಸಿಲಿಗೆ ಇಟ್ಟರೆ ವಿನೈಲು ಸೀಳುತ್ತದೆ. ಶಿವಾಜಿನಗರದ ವೃದ್ಧರು ಹೊಸ ಹಲಗೆಗಳ ಅಂಚುಗಳಿಗೆ ವಾರ್ನಿಷ್ ಬಳಿದು, ನೀರು ಬಸಿದುಹೋಗಲು ಅಡಿಯಲ್ಲಿ ನಾಲ್ಕು ನಾಲ್ಕು ತೂತು ಕೊರೆದು, ಹತ್ತಿಯ ದಾರವನ್ನು ಬಿಟ್ಟು ಪಾಲಿಯೆಸ್ಟರ್ ದಾರದಲ್ಲಿ ಹೊಲಿದುಕೊಟ್ಟರು. ಖರ್ಚಿನಲ್ಲಿ ಅರ್ಧವನ್ನು ನಾನು ಕೊಡುತ್ತೇನೆಂದೆ. ಶಿಷ್ಯ ಒಪ್ಪಲಿಲ್ಲ. “ಗುರುದಕ್ಷಿಣೆ ಕೊಡಬೇಕಾದವನು ನಾನು ಸಾರ್,” ಎಂದ. “ತಪ್ಪು ಪಾಠಕ್ಕೆ ದಕ್ಷಿಣೆಯಿಲ್ಲ, ದಂಡವಿದೆ,” ಎಂದು ಹೇಳಿ ಹಣವನ್ನು ವೃದ್ಧರ ಕೈಗೆ ಕೊಟ್ಟುಬಂದೆ.

ಆಯುಧಪೂಜೆಯ ದಿನ ಆರು ದೋಣಿಗಳೂ ಸಾಲಾಗಿ ನಿಂತವು. ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಚೆಂಡುಹೂವಿನ ಹಾರ, ಕುಂಬಳಕಾಯಿ, ಅರಿಸಿನ ಕುಂಕುಮ ಎಲ್ಲವೂ ಸಿದ್ಧವಾಗಿದ್ದುವು. ಶಿಷ್ಯ ಅರಿಸಿನದ ಬಟ್ಟಲು ಹಿಡಿದು ಬಿಳಿಯ ದಿಂಬಿನತ್ತ ಬಗ್ಗಿದವನು, ಕೈ ಹಿಡಿದು ನನ್ನ ಕಡೆ ನೋಡಿದ. ಅರಿಸಿನದ ಕಲೆ ಬಿಸಿಲಿಗೆ ಮಾಸುತ್ತದೆ, ಕುಂಕುಮದ್ದನ್ನು ಹೇಳಲಾಗದು ಎಂದೆ. ಅವನು ಸ್ವಲ್ಪ ಯೋಚಿಸಿ, ಎರಡನ್ನೂ ದೋಣಿಯ ಮೂತಿಗೆ ಹಚ್ಚಿದ. ಕೈ ನಿಲ್ಲಿಸಿ ಕೇಳಿದನಲ್ಲ ಎಂದು ನನಗೆ ತೃಪ್ತಿಯಾಯಿತು.

ಮಳೆಗಾಲ ಇನ್ನೊಂದು ಬಂದುಹೋಗಿದೆ. ಈ ಸಲ ಟಾರ್ಪಾಲಿಲ್ಲ. ಕೊಟ್ಟಿಗೆಯ ಗೋಡೆಗುಂಟ ಹಲಗೆಯ ಗೂಡು ಮಾಡಿಸಿ, ದಿಂಬುಗಳನ್ನು ಪುಸ್ತಕಗಳಂತೆ ಒಂದರ ಪಕ್ಕ ಒಂದು, ನಡುವೆ ಗೇಣು ಜಾಗ ಬಿಟ್ಟು ನಿಲ್ಲಿಸಿದ್ದ. ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿದ. ಅಲ್ಲಲ್ಲಿ ನಾಲ್ಕು ಚುಕ್ಕೆ ಕಂಡವು. ಸೋಪಿನ ನೀರಿಗೆ ಹೋದವು. ಗುಲಾಬಿ ಮಚ್ಚೆಯ ಎರಡು ಹೊದಿಕೆಗಳಲ್ಲಿ ಒಂದನ್ನು ಬದಲಾಯಿಸಿದ್ದಾನೆ. ಇನ್ನೊಂದನ್ನು, ಒಳಗಿನ ಸ್ಪಂಜನ್ನು ಹೊಸದು ಮಾಡಿಸಿ, ಟಿಕೆಟ್ ಕೊಡುವ ಗೂಡಿನಲ್ಲಿ ಕುರ್ಚಿಗೆ ಹಾಕಿಕೊಂಡಿದ್ದಾನೆ. ನಾನು ಹೋದಾಗಲೆಲ್ಲ ಎದ್ದು ನಿಂತು ಆ ಕುರ್ಚಿಯನ್ನೇ ನನಗೆ ಬಿಟ್ಟುಕೊಡುತ್ತಾನೆ. ಮಚ್ಚೆ ಹಾಗೆಯೇ ಇದೆ. ಕುಳಿತುಕೊಳ್ಳಲು ಅಡ್ಡಿಯೇನಿಲ್ಲ.